ಕೋಳಿ ನುಂಗಿದ ಗೋಲ್‌ಕೀಪರ್

ಕಲ್ವರ್ ಸಿಟಿ, ಲಾಸ್ ಏಂಜಲೀಸ್
೨೧ ಆಗಸ್ಟ್ ೨೦೨೨

ಅನಸೂಯ ದೊಡ್ಡಮ್ಮನಿಗೆ ಮೇದಿನಿಯ ನಮಸ್ಕಾರ.

ನಿಮಗೆ ಫೋನಿನಲ್ಲಿ ಕೇಳಿಸುವುದಿಲ್ಲ, ಮೆಸೇಜು ಕಂಡರೆ ಆಗುವುದಿಲ್ಲ. ಕಾಗದ ಬರಿ, ಅದೂ ಕನ್ನಡದಲ್ಲಿ ಬರಿ ಎಂದಿರಿ. ಮೈಸೂರಿನಲ್ಲಿ ಐದನೇ ಕ್ಲಾಸಿನವರೆಗೆ ಕಲಿತದ್ದರಲ್ಲಿ ಎಷ್ಟು ಉಳಿದಿದೆಯೋ ಅಷ್ಟರಲ್ಲಿ ಬರೆಯುತ್ತಿದ್ದೇನೆ. ತಪ್ಪಿದ್ದರೆ ತಿದ್ದಿ, ಬೈಯಬೇಡಿ.

ಕೆಲಸ ಸಿಕ್ಕಿದೆ. ಇಲ್ಲಿ ಬ್ರೆಜಿಲ್‌ನವರ ಒಂದು ತಿಂಡಿ ಅಂಗಡಿ. ಯಜಮಾನಿಯ ಹೆಸರು ಇವಾನಿ, ಎಪ್ಪತ್ತು ದಾಟಿದ್ದಾರೆ. ಎಲ್ಲರೂ ಅವರನ್ನು ಡೋನಾ ಇವಾನಿ ಅನ್ನುತ್ತಾರೆ. ಡೋನಾ ಅಂದರೆ ನಾವು ‘ಅಮ್ಮಾವ್ರು’ ಅಂದ ಹಾಗೆ. ಅವರು ಮಾತಾಡುವುದು ಪೋರ್ಚುಗೀಸ್. ಮೊದಲನೇ ದಿನ ನೆಲ ಒರೆಸುವಾಗ “ಬಾಲ್ದಿ, ಬಾಲ್ದಿ” ಎಂದು ಕೂಗಿದರು. ನಾನು ಬಕೆಟ್ ತಂದುಕೊಟ್ಟೆ. ಅವರಿಗೆ ಆಶ್ಚರ್ಯ. ನಮ್ಮ ದೊಡ್ಡಪ್ಪ ಮಂಗಳೂರಿನವರು, ಅವರೂ ಬಾಲ್ದಿ ಅನ್ನುತ್ತಿದ್ದರು, ನಾವೆಲ್ಲ ನಗುತ್ತಿದ್ದೆವು ಅಂದೆ. ಚಾವಿ, ಬಟಾಟೆ, ಜನೆಲ, ಮೇಜು, ಎಲ್ಲವೂ ಪೋರ್ಚುಗೀಸಿನಿಂದಲೇ ಬಂದಿದ್ದಂತೆ. ಹುಡುಗಿ ಚುರುಕು ಅಂದುಕೊಂಡು ಕೆಲಸ ಗಟ್ಟಿ ಮಾಡಿದರು. ಮಾರನೇ ದಿನ “ಅಕಿ, ಅಕಿ” ಅಂದರು. ಓಡಿಹೋಗಿ ಅಕ್ಕಿ ಮೂಟೆ ಹೊತ್ತು ತಂದೆ. ಅಕಿ ಅಂದರೆ ‘ಇಲ್ಲಿ ಬಾ’ ಅಂತ. ಈಗ ಅಂಗಡಿಗೆ ಬಂದವರಿಗೆಲ್ಲ ಈ ಕಥೆ ಹೇಳುತ್ತಾರೆ.

ಭಾನುವಾರ ಇವಾನಿ ಅವರ ಹೆಂಗಸರ ಟೀಮು ಪಾರ್ಕಿನಲ್ಲಿ ಫುಟ್‌ಬಾಲ್ ಆಡುತ್ತದೆ. ಮನೆ ಕ್ಲೀನ್ ಮಾಡುವವರು, ಬ್ಯೂಟಿ ಪಾರ್ಲರಿನವರು, ಬರ್ಬ್ಯಾಂಕಿನ ಸ್ಟುಡಿಯೋದಲ್ಲಿ ವೇಷಭೂಷಣ ಹೊಲಿಯುವವರು ಒಬ್ಬರು. ನನ್ನನ್ನು ಗೋಲ್‌ಕೀಪರ್ ಮಾಡಿದ್ದಾರೆ. ನಾನು ಚೆನ್ನಾಗಿ ಆಡುತ್ತೇನೆ ಅಂತಲ್ಲ, ಬ್ರೆಜಿಲ್‌ನವರಲ್ಲಿ ಯಾರಿಗೂ ಗೋಲ್‌ನಲ್ಲಿ ನಿಲ್ಲುವುದು ಬೇಡ. ಇವತ್ತು ಎದುರಿನವರು ಮೂರು ಗೋಳು ಹೊಡೆದರು.

ಅಪ್ಪ ವಾರಕ್ಕೊಮ್ಮೆ ಫೋನ್ ಮಾಡಿ ಬಿಸಿಲು ಹೇಗಿದೆ ಎಂದು ಕೇಳಿ ಇಡುತ್ತಾರೆ. ಅಮ್ಮ ಮಾತಾಡುವುದಿಲ್ಲ. ನಾನು ಸೆರಿಟೋಸ್‌ನ ಮನೆ ಬಿಟ್ಟು ಆರು ತಿಂಗಳಾಯಿತು. ತಿಂಗಳಿಗೊಂದು ಶನಿವಾರ ಅಮ್ಮ ನಿಮ್ಮಲ್ಲಿಗೆ ಡ್ರೈವ್ ಮಾಡಿಕೊಂಡು ಬರುತ್ತಾಳಲ್ಲ, ನನ್ನ ವಿಷಯ ಕೇಳುತ್ತಾಳಾ? ಕೇಳದಿದ್ದರೆ ಕೇಳುವುದಿಲ್ಲ ಎಂದೇ ಬರೆಯಿರಿ.

ಮೇದಿನಿ

——

ಯೂನಿವರ್ಸಿಟಿ ಸಿಟಿ, ಸ್ಯಾನ್ ಡಿಯಾಗೊ
೨ ಸೆಪ್ಟೆಂಬರ್ ೨೦೨೨

ಚಿ. ಮೇದಿನಿಗೆ,

ನಿನ್ನ ಕಾಗದ ಓದಿ ನಿನ್ನ ದೊಡ್ಡಪ್ಪ ನೆನಪಾದರು. ‘ಬಾಲ್ದಿ’ಗೆ ಕೊನೆಗೂ ಒಬ್ಬರು ಮರ್ಯಾದೆ ಕೊಟ್ಟರಲ್ಲ.

ಒಂದು ತಿದ್ದುಪಡಿ. ‘ಮೂರು ಗೋಳು ಹೊಡೆದರು’ ಎಂದು ಬರೆದಿದ್ದೀಯ. ಗೋಲು. ಗೋಳು ಎಂದರೆ ಅಳುವುದು, ಗೋಳಾಡುವುದು. ಒಂದು ಅಕ್ಷರಕ್ಕೆ ಅರ್ಥ ಕೆಡುತ್ತದೆ.

ನಿಮ್ಮಮ್ಮ ಕುಮುದಾ ನಿನ್ನ ವಿಷಯ ಬಾಯಿಬಿಟ್ಟು ಕೇಳುವುದಿಲ್ಲ. ಆದರೆ ನಾನು ಹೇಳಿದರೆ ಎದ್ದುಹೋಗುವುದೂ ಇಲ್ಲ. ನೀನು ಹನ್ನೆರಡನೇ ಕ್ಲಾಸನ್ನು ಅರ್ಧಕ್ಕೆ ಬಿಟ್ಟದ್ದು ಅವಳಿಗೆ ಎರಡು ಕಡೆಯಿಂದ ತಾಗಿದೆ. ಅವಳು ಮನೆಯಲ್ಲಿ ಊರವರ ಮಕ್ಕಳಿಗೆಲ್ಲ ಗಣಿತ ಹೇಳಿಕೊಡುವವಳು. ಆ ಮಕ್ಕಳ ಅಮ್ಮಂದಿರು ಬಾಗಿಲಲ್ಲಿ ನಿಂತು “ಮೇದಿನಿ ಯಾವ ಕಾಲೇಜು?” ಎಂದು ಕೇಳುತ್ತಾರಂತೆ. ಯಾಕೆ ಬಿಟ್ಟೆ ಎಂದು ನಾನೂ ಕೇಳಿಲ್ಲ. ಇಷ್ಟವಿದ್ದರೆ ಬರಿ.

ಗೋಲ್‌ಕೀಪರ್‌ನ ಕೆಲಸವೇನು ಎಂದೂ ಬರಿ. ನನಗೆ ಕ್ರಿಕೆಟ್ಟೂ ಗೊತ್ತಿಲ್ಲ.

ನಿನ್ನ ದೊಡ್ಡಮ್ಮ,
ಅನಸೂಯ

——

ಕಲ್ವರ್ ಸಿಟಿ
೧೮ ಸೆಪ್ಟೆಂಬರ್ ೨೦೨೨

ದೊಡ್ಡಮ್ಮ,

ಯಾಕೆ ಬಿಟ್ಟೆ ಅಂದರೆ, ಕೂರಲು ಆಗಲಿಲ್ಲ. ಪಾಠ ಅರ್ಥವಾಗುತ್ತಿತ್ತು, ಯಾರೂ ಕಾಟ ಕೊಡಲಿಲ್ಲ, ಕಾಯಿಲೆಯೂ ಇಲ್ಲ. ಒಂದು ವರ್ಷ ಮನೆಯಲ್ಲಿ ಕಂಪ್ಯೂಟರ್ ಮುಂದೆ ಕ್ಲಾಸು ನಡೆಯಿತಲ್ಲ, ಆಮೇಲೆ ವಾಪಸ್ಸು ಬೆಂಚಿಗೆ ಹೋದಾಗ ಎದ್ದು ಹೋಗಬೇಕು ಅಂತಲೇ ಅನಿಸುತ್ತಿತ್ತು. ಒಂದು ದಿನ ಎದ್ದು ಹೋದೆ. ಸ್ಕೂಲಿನ ಕೌನ್ಸೆಲರ್ ಅಮ್ಮನಿಗೆ ಫೋನ್ ಮಾಡಿ “ಆತಂಕದ ಸಮಸ್ಯೆ ಇರಬಹುದು” ಅಂದರು. ಅಮ್ಮ ಅದನ್ನು ಹಿಡಿದುಕೊಂಡಳು, ಹೇಳಿಕೊಳ್ಳಲು ಅನುಕೂಲ ಅಂತ. ನಾನು ಅಂಥದ್ದೇನೂ ಇಲ್ಲ ಅಂದೆ. ಅಮ್ಮನಿಗೆ ಕೋಪ ಬಂದದ್ದು ಸ್ಕೂಲು ಬಿಟ್ಟದ್ದಕ್ಕಿಂತ ಅದಕ್ಕೇ ಅನಿಸುತ್ತದೆ.

ಗೋಲ್‌ಕೀಪರ್ ಕೆಲಸ ಸುಲಭವಾಗಿ ಹೇಳಬಹುದು. ಮಿಕ್ಕ ಹತ್ತು ಜನ ಎಷ್ಟು ತಪ್ಪು ಮಾಡಿದರೂ ಆಟ ಮುಂದೆ ಹೋಗುತ್ತದೆ. ನಾನು ಮಾಡಿದರೆ ಬೋರ್ಡಿನ ಮೇಲೆ ಕಾಣುತ್ತದೆ.

ಇವಾನಿ ಅವರು ಒಂದು ಕಥೆ ಹೇಳಿದರು. ೧೯೫೦ರಲ್ಲಿ ವಿಶ್ವಕಪ್ ಬ್ರೆಜಿಲ್‌ನಲ್ಲೇ ನಡೆಯಿತು. ಅದಕ್ಕಾಗಿಯೇ ರಿಯೋದಲ್ಲಿ ದೊಡ್ಡ ಸ್ಟೇಡಿಯಂ ಕಟ್ಟಿಸಿದ್ದರು. ಕೊನೆಯ ಆಟ ಉರುಗ್ವೆ ಮೇಲೆ, ಡ್ರಾ ಆದರೂ ಕಪ್ ಬ್ರೆಜಿಲ್‌ಗೇ. ಸುಮಾರು ಎರಡು ಲಕ್ಷ ಜನ ಸೇರಿದ್ದರು. ಒಂದೊಂದು ಗೋಲಾಗಿ ಸಮ ಇದ್ದಾಗ, ಇನ್ನೇನು ಮುಗಿಯಬೇಕು ಅನ್ನುವಾಗ, ಉರುಗ್ವೆಯವನೊಬ್ಬ ಬಲಗಡೆಯಿಂದ ಓಡಿ ಬಂದ. ಅವನು ಚೆಂಡನ್ನು ನಡುವೆ ಕೊಡುತ್ತಾನೆ ಅಂದುಕೊಂಡು ಗೋಲ್‌ಕೀಪರ್ ಬಾರ್ಬೋಸಾ ಒಂದು ಹೆಜ್ಜೆ ಆ ಕಡೆ ಇಟ್ಟ. ಅವನು ನೇರ ಹೊಡೆದ. ಚೆಂಡು ಕಂಬಕ್ಕೂ ಬಾರ್ಬೋಸಾನಿಗೂ ನಡುವೆ ಒಳಗೆ ಹೋಯಿತು. ಅದನ್ನು ‘ಗೋಳು’ ಅಂತ ಬರೆದರೂ ತಪ್ಪಾಗಲಿಕ್ಕಿಲ್ಲ ದೊಡ್ಡಮ್ಮ.

ಬ್ರೆಜಿಲ್ ಟೀಮು ಅದುವರೆಗೆ ಬಿಳಿ ಅಂಗಿ ಹಾಕುತ್ತಿತ್ತು. ಬಿಳಿ ಅಪಶಕುನ ಅಂತ ಬಿಟ್ಟರು. ಪತ್ರಿಕೆಯಲ್ಲಿ ಸ್ಪರ್ಧೆ ಇಟ್ಟು ಹೊಸ ಅಂಗಿ ಆರಿಸಿದರು, ಈಗ ಎಲ್ಲರೂ ಹಾಕುವ ಹಳದಿ ಅಂಗಿ. ಅದರ ಚಿತ್ರ ಬರೆದು ಕಳಿಸಿದವನಿಗೆ ಹೆಚ್ಚುಕಡಿಮೆ ನನ್ನ ವಯಸ್ಸೇ. ಅಂಗಿ ಬದಲಾಯಿಸಬಹುದಿತ್ತು, ಬದಲಾಯಿಸಿದರು. ಬಾರ್ಬೋಸಾ ಬದಲಾಯಿಸಲು ಬರಲಿಲ್ಲ. ಸಾಯುವವರೆಗೂ ಅವನೇ ಕಾರಣ ಅಂದರು. ಮುದುಕನಾದ ಮೇಲೆ ಒಂದು ಸಲ ಟೀಮಿನವರನ್ನು ನೋಡಲು ಹೋದರೆ ಒಳಗೆ ಬಿಡಲಿಲ್ಲವಂತೆ, ಶಕುನ ಕೆಡುತ್ತದೆ ಅಂತ. ನಮ್ಮ ದೇಶದಲ್ಲಿ ಅತಿ ದೊಡ್ಡ ಶಿಕ್ಷೆ ಮೂವತ್ತು ವರ್ಷ, ನನಗೆ ಐವತ್ತು ಆಯಿತು ಅಂತ ಹೇಳಿದ್ದನಂತೆ.

ಇವಾನಿ ಅವರು ಹುಟ್ಟಿದ್ದು ಅದರ ಮರುವರ್ಷ. ಅವರ ಅಪ್ಪ ಆ ಆಟವನ್ನು ರೇಡಿಯೋದಲ್ಲಿ ಕೇಳಿದವರು. ಮನೆಯಲ್ಲಿ ಬಾರ್ಬೋಸಾ ಅನ್ನುವ ಹೆಸರು ಯಾರೂ ಹೇಳಕೂಡದು. ಪಕ್ಕದ ಬೀದಿಯಲ್ಲಿ ಅದೇ ಹೆಸರಿನ ದರ್ಜಿ ಇದ್ದನಂತೆ, ಅವನನ್ನು “ಆ ಹೊಲಿಯುವವನು” ಅನ್ನುತ್ತಿದ್ದರಂತೆ.

ಇನ್ನೊಂದು. ಆ ದೇಶದಲ್ಲಿ ಹೆಂಗಸರು ಫುಟ್‌ಬಾಲ್ ಆಡಬಾರದು ಅಂತ ಕಾನೂನೇ ಇತ್ತು. ನನಗೆ ಗೊತ್ತಿರಲಿಲ್ಲ. ಇವಾನಿ ಅವರು ಅಣ್ಣನ ಚಡ್ಡಿ ಹಾಕಿ, ಕೂದಲು ಟೋಪಿಯೊಳಗೆ ತುರುಕಿ, ಸಾವೊ ಪಾವ್ಲೊದ ನದಿ ಬಯಲಲ್ಲಿ ಆಡುತ್ತಿದ್ದರು. ಒಂದು ದಿನ ಪೊಲೀಸಿನವನು ಬಂದು ಟೋಪಿ ತೆಗಿ ಅಂದ. ಅಷ್ಟರಲ್ಲಿ ಅವರ ಅಪ್ಪ ಎಲ್ಲಿಂದಲೋ ಬಂದು “ಅವನು ನನ್ನ ಮಗ, ತಲೆಯಲ್ಲಿ ಹುಣ್ಣಾಗಿದೆ, ಟೋಪಿ ಮುಟ್ಟಬೇಡಿ” ಅಂದರಂತೆ. ಅಪ್ಪ ನೋಡಲು ಬರುತ್ತಿದ್ದರು ಅನ್ನುವುದು ಇವರಿಗೆ ಆವತ್ತೇ ಗೊತ್ತಾಗಿದ್ದು. ಮನೆಗೆ ಹೋದ ಮೇಲೆ ಅದರ ಬಗ್ಗೆ ಇಬ್ಬರೂ ಮಾತಾಡಲಿಲ್ಲ.

ಡಿಸೆಂಬರ್ ಹನ್ನೊಂದಕ್ಕೆ ನಮ್ಮ ಪಾರ್ಕಿನ ಟೂರ್ನಮೆಂಟ್ ಮುಗಿಯುತ್ತದೆ. ನಾವು ಫೈನಲ್‌ಗೆ ಹೋಗಬಹುದು. ಹೋದರೆ ಅಮ್ಮ ಬಂದು ನೋಡಬೇಕು ಅಂತ ನನಗೆ ಆಸೆ. ಸ್ಕೂಲಿಗೆ ವಾಪಸ್ಸು ಹೋಗುತ್ತೇನೆ ಅಂತ ಹೇಳುವುದಕ್ಕಲ್ಲ. ನಾನು ಒಂದೇ ಜಾಗದಲ್ಲಿ ತೊಂಬತ್ತು ನಿಮಿಷ ನಿಂತಿರುವುದನ್ನು ಅವಳು ಯಾವತ್ತೂ ನೋಡಿಲ್ಲ. ಅದಕ್ಕೆ.

ಮೇದಿನಿ

——

ಯೂನಿವರ್ಸಿಟಿ ಸಿಟಿ
೪ ಅಕ್ಟೋಬರ್ ೨೦೨೨

ಚಿ. ಮೇದಿನಿಗೆ,

ಲೈಬ್ರರಿಗೆ ಹೋಗಿದ್ದೆ. ನಿನ್ನ ಡೋನಾ ಇವಾನಿ ಸರಿಯಾಗಿಯೇ ಹೇಳಿದ್ದಾರೆ. ಕಾನೂನು ಬಂದದ್ದು ೧೯೪೧ರಲ್ಲಿ. ‘ಹೆಂಗಸರ ಸ್ವಭಾವಕ್ಕೆ ಒಗ್ಗದ ಆಟ’ ಎಂಬ ಕಾರಣ. ತೆಗೆದದ್ದು ೧೯೭೯ರಲ್ಲಿ. ಆ ವರ್ಷ ನಾನು ಮೈಸೂರಿನಲ್ಲಿ ಎಂ.ಎಸ್‌ಸಿ. ಓದುತ್ತಿದ್ದೆ, ನಮ್ಮ ಲ್ಯಾಬಿನಲ್ಲೂ ಒಬ್ಬ ಮೇಷ್ಟ್ರು ಹುಡುಗಿಯರ ಸ್ವಭಾವದ ಮೇಲೆ ಭಾಷಣ ಮಾಡುತ್ತಿದ್ದರು. ನನಗೆ ಬ್ರೆಜಿಲ್ ಬಹಳ ದೂರ ಅನಿಸಲಿಲ್ಲ.

ಬಾರ್ಬೋಸಾನ ಬಗ್ಗೆಯೂ ಓದಿದೆ. ಕಪ್ಪು ಮನುಷ್ಯ ಎಂದು ನೀನು ಬರೆದಿರಲಿಲ್ಲ. ಆಮೇಲೆ ಎಷ್ಟೋ ಕಾಲ ಕಪ್ಪು ಗೋಲ್‌ಕೀಪರ್‌ಗಳನ್ನೇ ನಂಬುತ್ತಿರಲಿಲ್ಲವಂತೆ. ಒಬ್ಬನ ತಪ್ಪು ಎಷ್ಟು ಜನರ ಲೆಕ್ಕಕ್ಕೆ ಹೋಯಿತು ನೋಡು. ನನಗೊಂದು ಪ್ರಶ್ನೆ. ಆ ಉರುಗ್ವೆಯವನು ಬಲಗಡೆಯಿಂದ ಅಷ್ಟು ದೂರ ಓಡಿ ಬಂದನಲ್ಲ, ಮಿಕ್ಕ ಹತ್ತು ಜನ ಏನು ಮಾಡುತ್ತಿದ್ದರು? ಇದನ್ನು ಯಾರೂ ಕೇಳಿದ ಹಾಗೆ ಕಾಣಲಿಲ್ಲ.

ಡಿಸೆಂಬರ್ ಹನ್ನೊಂದರ ಮಾತು ಕುಮುದಾಳಿಗೆ ಹೇಳಿದೆ. ಸೊಪ್ಪು ಬಿಡಿಸುತ್ತಿದ್ದಳು. “ನೋಡೋಣ” ಅಂದಳು. ನಿಮ್ಮಮ್ಮನ “ನೋಡೋಣ” ಮುಕ್ಕಾಲು ಪಾಲು ಒಪ್ಪಿಗೆ. ಹೊರಡುವಾಗ ಚಪ್ಪಲಿ ಹಾಕಿಕೊಳ್ಳುತ್ತಾ, “ಅಲ್ಲಿ ಹೆಂಗಸರು ಕೂತ್ಕೊಳ್ಳೋಕೆ ಜಾಗ ಇರುತ್ತಾ ಅಕ್ಕ?” ಎಂದು ಕೇಳಿದಳು.

ಅನಸೂಯ

——

ಕಲ್ವರ್ ಸಿಟಿ
೨೩ ಅಕ್ಟೋಬರ್ ೨೦೨೨

ದೊಡ್ಡಮ್ಮ,

ಕೂರಲು ಮಡಚುವ ಕುರ್ಚಿ ಇರುತ್ತದೆ ಎಂದು ಹೇಳಿ. ನಾನೇ ತರುತ್ತೇನೆ.

ಅಂಗಡಿಯಲ್ಲಿ ಕೆಲಸ ಜಾಸ್ತಿ, ಅವಸರದಲ್ಲಿ ಬರೆಯುತ್ತಿದ್ದೇನೆ. ಇವತ್ತು ಎರಡು ಕೋಳಿ ನುಂಗಿದೆ. ಅದೂ ಎಲ್ಲರ ಎದುರಿಗೆ. ಮೊದಲನೆಯದು ಗೊತ್ತೇ ಆಗಲಿಲ್ಲ, ಎರಡನೆಯದಕ್ಕೆ ಸ್ವಲ್ಪ ಒದ್ದಾಡಿದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು, ನನಗೂ ನಗು ಬಂತು. ಬೇಜಾರು ಮಾಡ್ಕೋಬೇಡ, ಶುರುವಿನಲ್ಲಿ ಎಲ್ಲರೂ ನುಂಗ್ತಾರೆ ಅಂತ ಇವಾನಿ ಅವರು ಬೆನ್ನು ತಟ್ಟಿದರು. ಅವರ ಕಾಲದಲ್ಲಿ ಒಂದೇ ದಿನ ನಾಲ್ಕು ನುಂಗಿದವಳಿದ್ದಳಂತೆ.

ಆದರೂ ಫೈನಲ್‌ಗೆ ಬಂದೆವು. ಅಮ್ಮನಿಗೆ ತಪ್ಪದೆ ಹೇಳಿ. ಬೆಳಿಗ್ಗೆ ಹತ್ತಕ್ಕೆ.

ಮೇದಿನಿ

——

ಯೂನಿವರ್ಸಿಟಿ ಸಿಟಿ
೧೪ ನವೆಂಬರ್ ೨೦೨೨

ಮೇದಿನಿಗೆ,

ಕಾಗದ ತಲುಪಿ ಬಹಳ ದಿನವಾಯಿತು. ಏನು ಬರೆಯಬೇಕೆಂದು ತೋಚಲಿಲ್ಲ.

ನಿಮ್ಮಮ್ಮ ಡಿಸೆಂಬರ್‌ನಲ್ಲಿ ಬರುವುದಿಲ್ಲ. ಕಾರಣ ನಿನಗೆ ಗೊತ್ತಿರುತ್ತದೆ. ನಾನು ಬಲವಂತ ಮಾಡಲಿಲ್ಲ. ನೀನು ದೊಡ್ಡವಳು, ನಿನ್ನ ಜೀವನ ನಿನ್ನದು. ಆದರೆ ನಕ್ಕುಕೊಂಡು ಬರೆಯುವ ಅಗತ್ಯವಿರಲಿಲ್ಲ.

ಮೈ ಹುಷಾರು.

ಅನಸೂಯ

——

ಕಲ್ವರ್ ಸಿಟಿ
೨೫ ನವೆಂಬರ್ ೨೦೨೨

ದೊಡ್ಡಮ್ಮನಿಗೆ,

ಕಾರಣ ನನಗೆ ಗೊತ್ತು. ಹನ್ನೆರಡನೇ ಕ್ಲಾಸು. ಅದಕ್ಕೆ ಇನ್ನೂ ಎಷ್ಟು ದಿನ? ಬಾರ್ಬೋಸಾನಿಗೆ ಐವತ್ತು ವರ್ಷ. ನನಗೂ ಅಷ್ಟೇ ಅಂತಿದ್ದರೆ ಮೊದಲೇ ಹೇಳಿ, ನಾನು ಡಿಸೆಂಬರ್, ಜನವರಿ ಅಂತ ಕಾಯುವುದು ಬಿಡುತ್ತೇನೆ.

ನಕ್ಕುಕೊಂಡು ಬರೆಯಬಾರದಿತ್ತು ಅಂದಿದ್ದೀರಿ. ಸ್ಕೂಲು ಬಿಟ್ಟವಳು ನಗಬಾರದು ಅಂತ ನೀವು ಹೇಳುತ್ತೀರಿ ಅಂದುಕೊಂಡಿರಲಿಲ್ಲ. ಅಮ್ಮ ಹೇಳಿದ್ದರೆ ಇಷ್ಟು ಬೇಜಾರಾಗುತ್ತಿರಲಿಲ್ಲ.

ನಿನ್ನೆ ಥ್ಯಾಂಕ್ಸ್‌ಗಿವಿಂಗ್. ಊರೆಲ್ಲ ರಜೆ, ನಮ್ಮ ಅಂಗಡಿ ಮಾತ್ರ ತೆಗೆದಿತ್ತು, ಈ ವರ್ಷದ ವಿಶ್ವಕಪ್ಪಿನಲ್ಲಿ ಬ್ರೆಜಿಲ್‌ನ ಮೊದಲನೇ ಆಟ ಇತ್ತು. ಗೋಡೆಗೆ ಟಿವಿ ಹಾಕಿದ್ದರು. ಕೂರಲು ಜಾಗವಿಲ್ಲ. ಒಬ್ಬಳು ಮೂರು ತಿಂಗಳ ಕೂಸಿಗೆ ಹಳದಿ ಅಂಗಿ ಹೊಲಿಸಿಕೊಂಡು ಬಂದಿದ್ದಳು. ಬ್ರೆಜಿಲ್ ಎರಡು ಗೋಲು ಹೊಡೆಯಿತು. ಎರಡನೆಯದನ್ನು ಒಬ್ಬ ಗಾಳಿಯಲ್ಲಿ ಮೈ ತಿರುಗಿಸಿ ಹೊಡೆದ, ಅಂಗಡಿಯಲ್ಲಿ ಎರಡು ಪ್ಲೇಟು ಒಡೆದವು, ಇವಾನಿ ಅವರು ಬೈಯಲಿಲ್ಲ. ಬೇರೆ ದಿನ ಸ್ಪೂನು ಬಿದ್ದರೂ ಬೈಯುತ್ತಾರೆ. ಪಕ್ಕದಲ್ಲಿದ್ದ ಗುರುತಿಲ್ಲದ ಹೆಂಗಸು ನನ್ನನ್ನು ಅಪ್ಪಿಕೊಂಡು ಅತ್ತಳು. ಇವರು ಗೆದ್ದರೂ ಅಳುತ್ತಾರೆ. ಇವರಿಗೆ ಇದು ಆಟ ಅಂತ ಅನಿಸುವುದೇ ಇಲ್ಲ ದೊಡ್ಡಮ್ಮ. ಊರು ಬಿಟ್ಟು ಬಂದವರಿಗೆ ಊರು ಎರಡು ಗಂಟೆ ವಾಪಸ್ಸು ಬರುತ್ತದೆ, ಅಷ್ಟೇ.

ಅಮ್ಮ ಬರದಿದ್ದರೂ ನಾನು ಆಡುತ್ತೇನೆ.

ಮೇದಿನಿ

——

ಯೂನಿವರ್ಸಿಟಿ ಸಿಟಿ
೧ ಡಿಸೆಂಬರ್ ೨೦೨೨

ಚಿ. ಮೇದಿನಿಗೆ,

ಹನ್ನೆರಡನೇ ಕ್ಲಾಸಲ್ಲ ಕಣೇ. ಕೋಳಿ.

ನಿನಗೆ ಒಂದು ವಿಷಯ ಹೇಳಿರಲಿಲ್ಲ. ಕುಮುದಾ ಬಂದಾಗಲೆಲ್ಲ ನಿನ್ನ ಕಾಗದಗಳನ್ನು ಓದಿ ಹೇಳುತ್ತಿದ್ದೆ. ಅವಳು ಏನೋ ಕೆಲಸ ಮಾಡಿಕೊಂಡು ಕೇಳಿಸಿಕೊಳ್ಳುತ್ತಿದ್ದಳು. ಸ್ಕೂಲು ಬಿಟ್ಟ ಕಾರಣ ಬರೆದಿದ್ದೆಯಲ್ಲ, ಅದನ್ನೂ ಓದಿದೆ. ಆಮೇಲೇ ಅವಳು “ನೋಡೋಣ” ಅಂದದ್ದು. ಅಕ್ಟೋಬರ್‌ನಲ್ಲಿ ಕೋಳಿಯ ಕಾಗದ ಬಂದಾಗ ನಾನು ಆ ಸಾಲುಗಳನ್ನು ಬಿಟ್ಟು ಓದಿದೆ. ನಡುವೆ ತಡವರಿಸಿದ್ದು ಅವಳಿಗೆ ಗೊತ್ತಾಯಿತು. ಕೈಯಿಂದ ಕಿತ್ತುಕೊಂಡು ತಾನೇ ಓದಿದಳು.

ನಮ್ಮ ಮನೆಯಲ್ಲಿ ಮೊಟ್ಟೆಯೂ ಬಂದಿಲ್ಲ ಎಂಬುದು ನಿನಗೆ ಗೊತ್ತು. ಈ ದೇಶಕ್ಕೆ ಬಂದವರಲ್ಲಿ ತಿನ್ನುವವರು ತಿನ್ನುತ್ತಾರೆ, ಅದು ಕುಮುದಾಳಿಗೂ ಗೊತ್ತು. ಆದರೆ ಇಡೀ ಕೋಳಿ, ಅದೂ ಎರಡು, ನಾಲ್ಕು ಜನರ ಎದುರು ಪಂದ್ಯ ಕಟ್ಟಿದ ಹಾಗೆ ನುಂಗಿ, ನಕ್ಕು, ಅಮ್ಮನಿಗೆ ತಪ್ಪದೆ ಹೇಳಿ ಎಂದು ಬರೆದರೆ? “ನನ್ನ ರೇಗಿಸೋಕೇ ಬರೆದಿದ್ದಾಳೆ” ಅಂದಳು. ನನಗೂ ಹಾಗೇ ಅನಿಸಿತು.

ಅನಸೂಯ

——

ಕಲ್ವರ್ ಸಿಟಿ
೪ ಡಿಸೆಂಬರ್ ೨೦೨೨

ದೊಡ್ಡಮ್ಮ,

ನಿಮ್ಮ ಕಾಗದ ಓದಿ ಅಂಗಡಿಯ ಹಿಂದೆ ಹೋಗಿ ಒಬ್ಬಳೇ ನಕ್ಕೆ. ಆಮೇಲೆ ನಗು ನಿಂತಿತು. ಇಬ್ಬರಿಗೂ ಅಷ್ಟು ದಿನ ಬೇಜಾರಾಗಿತ್ತಲ್ಲ.

ಕೋಳಿ ಅಂದರೆ ಗೋಲ್‌ಕೀಪರ್ ಮಾಡುವ ತಪ್ಪು. ಕೈಗೆ ಸುಲಭವಾಗಿ ಬಂದ ಚೆಂಡನ್ನು ಬಿಟ್ಟುಬಿಡುವುದು. ಬ್ರೆಜಿಲ್‌ನಲ್ಲಿ ಅದಕ್ಕೆ ‘ಫ್ರಾಂಗೊ’ ಅನ್ನುತ್ತಾರೆ, ಹಾಗೆಂದರೆ ಕೋಳಿ. ಅಂಗಳದಲ್ಲಿ ತಪ್ಪಿಸಿಕೊಂಡ ಕೋಳಿ ಹಿಡಿಯಲು ಹೋದವರು ಬಗ್ಗಿ, ಎದ್ದು, ಕಾಲ ಸಂದಿಯಲ್ಲಿ ಬಿಟ್ಟು ಒದ್ದಾಡುತ್ತಾರಲ್ಲ, ಹಾಗೆ ಕಾಣುತ್ತದೆ ಅಂತ. ಕೋಳಿ ನುಂಗಿದಳು ಅಂದರೆ ಗೋಲು ಬಿಟ್ಟಳು ಅಂತ. ನಾವು ದಿನಾ ಅದನ್ನೇ ಆಡಿ ಆಡಿ, ನಿಮಗೆ ಅರ್ಥ ಹೇಳಬೇಕು ಅನ್ನುವುದೇ ಹೊಳೆಯಲಿಲ್ಲ. ನಾನು ಪೋರ್ಚುಗೀಸನ್ನು ಕನ್ನಡಕ್ಕೆ ತಿರುಗಿಸಿ ಬರೆದೆ, ನೀವು ಕನ್ನಡವನ್ನೇ ಓದಿದಿರಿ. ಅಕ್ಕಿ ಮೂಟೆಯ ಕಥೆಯೇ ಮತ್ತೆ ಆಯಿತು. ಆ ದಿನ ನಾನು ಬಿಟ್ಟದ್ದು ಎರಡು ಗೋಲು. ಯಾವ ಕೋಳಿಗೂ ಏನೂ ಆಗಲಿಲ್ಲ.

ಇಷ್ಟಕ್ಕೇ ಕಾಗದ ನಿಲ್ಲಿಸಿದರೆ ಅಮ್ಮ ಭಾನುವಾರ ಬರುತ್ತಾಳೆ. ನನಗೆ ಗೊತ್ತು. ಒಂದು ಗಂಟೆ ಕೂತು ಯೋಚಿಸಿದೆ. ನಿಲ್ಲಿಸಲು ಆಗುತ್ತಿಲ್ಲ.

ನಾನು ಕೋಳಿ ತಿನ್ನುತ್ತೇನೆ ದೊಡ್ಡಮ್ಮ. ನಮ್ಮ ಅಂಗಡಿಯಲ್ಲಿ ಬೋಂಡದ ಹಾಗೆ ಕರಿಯುವ ತಿಂಡಿ ಇದೆ, ಒಳಗೆ ಕೋಳಿ ಇರುತ್ತದೆ. ಕೆಲಸಕ್ಕೆ ಸೇರಿದ ಎರಡನೇ ವಾರದಲ್ಲಿ ಹಸಿವಾಗಿ ತಿಂದೆ. ರುಚಿ ಹಿಡಿಸಿತು. ಈಗಲೂ ತಿನ್ನುತ್ತೇನೆ. ಯಾರೂ ಬಲವಂತ ಮಾಡಲಿಲ್ಲ, ಗೊತ್ತಿಲ್ಲದೆಯೂ ತಿನ್ನಲಿಲ್ಲ. ನಾನು ಬರೆದದ್ದರ ಅರ್ಥ ಅದಲ್ಲ, ಆದರೆ ಅಮ್ಮ ಓದಿಕೊಂಡದ್ದು ಸುಳ್ಳೂ ಅಲ್ಲ. ಬಂದು, ನಾನು ತಿನ್ನುವುದಿಲ್ಲ ಅಂದುಕೊಂಡು ಕುರ್ಚಿಯ ಮೇಲೆ ಕೂತಿದ್ದರೆ ನನಗೆ ಗೋಲ್‌ನಲ್ಲಿ ನಿಲ್ಲಲು ಆಗುವುದಿಲ್ಲ.

ಈ ಕಾಗದವನ್ನು ಸಾಲು ಬಿಡದೆ ಓದಿ. ಇಲ್ಲವೇ ಅವಳ ಕೈಗೇ ಕೊಡಿ.

ಮೇದಿನಿ

——

ಕಲ್ವರ್ ಸಿಟಿ
೧೨ ಡಿಸೆಂಬರ್ ೨೦೨೨

ದೊಡ್ಡಮ್ಮ,

ಅಮ್ಮ ಬರಲಿಲ್ಲ. ಬರುವುದಿಲ್ಲ ಅಂತ ಅಂದುಕೊಂಡೇ ಕುರ್ಚಿ ತೆಗೆದುಕೊಂಡು ಹೋಗಿದ್ದೆ. ಇವಾನಿ ಅವರು ಅದರ ಮೇಲೆ ಬ್ಯಾಗ್ ಇಟ್ಟುಕೊಂಡರು.

ಶುಕ್ರವಾರ ಬೆಳಿಗ್ಗೆ ಬ್ರೆಜಿಲ್ ವಿಶ್ವಕಪ್ಪಿನಿಂದ ಹೊರಗೆ ಬಂತು, ಕ್ರೊಯೇಷಿಯಾ ಮೇಲೆ ಪೆನಾಲ್ಟಿಯಲ್ಲಿ. ಗೆದ್ದೇಬಿಟ್ಟೆವು ಅನ್ನುವಾಗ ಕೊನೆಯಲ್ಲಿ ಒಂದು ಗೋಲು ಬಿಟ್ಟರು. ಏಳು ಗಂಟೆಗೇ ಅಂಗಡಿ ತುಂಬಿತ್ತು. ಮುಗಿದ ಮೇಲೆ ಒಬ್ಬೊಬ್ಬರೇ ಕಾಫಿ ಲೋಟ ತಂದು ಸಿಂಕಿನಲ್ಲಿ ಇಟ್ಟು ಕೆಲಸಕ್ಕೆ ಹೋದರು. ಯಾರ ಮನೆಯಲ್ಲೋ ಸಾವಾದ ಹಾಗಿತ್ತು. “ಯಾರ ತಪ್ಪು ಅಂತಾರೆ ಈಗ?” ಎಂದು ಕೇಳಿದೆ. “ಸಂಜೆ ಒಳಗೆ ಯಾರನ್ನಾದರೂ ಹುಡುಕ್ತಾರೆ” ಅಂದರು ಇವಾನಿ ಅವರು.

ನಮ್ಮ ಫೈನಲ್ಲೂ ಸೋತೆವು. ಒಂದು ಗೋಲಿಗೆ ಎರಡು. ಎರಡನೆಯದು ಕೋಳಿ. ತುಂತುರು ಮಳೆ ಇತ್ತು, ಚೆಂಡು ಒದ್ದೆಯಾಗಿತ್ತು ಅಂತ ಎಲ್ಲರೂ ಸಮಾಧಾನ ಹೇಳಿದರು. ಒದ್ದೆಯಾಗಿತ್ತು ನಿಜ. ಎದುರಿನ ಗೋಲ್‌ಕೀಪರ್‌ಗೂ ಅದೇ ಚೆಂಡು.

ಒಬ್ಬರೂ ಬೈಯಲಿಲ್ಲ. ಬೈದಿದ್ದರೆ ಸುಲಭವಾಗುತ್ತಿತ್ತೇನೋ.

ಕಾಗದ ಅಮ್ಮನಿಗೆ ಕೊಟ್ಟಿರಾ? ಕೊಟ್ಟಿದ್ದರೆ ಸಾಕು.

ಮೇದಿನಿ

——

ಯೂನಿವರ್ಸಿಟಿ ಸಿಟಿ
೧೯ ಡಿಸೆಂಬರ್ ೨೦೨೨

ಚಿ. ಮೇದಿನಿಗೆ,

ಕೊಟ್ಟೆ. ಕಾಗದ ಬಂದ ದಿನವೇ ಅವಳಿಗೆ ‘ಬಾ’ ಎಂದು ಮೆಸೇಜ್ ಮಾಡಿದೆ. (ನಾನೂ ಮೆಸೇಜ್ ಮಾಡಿದ್ದೇನೆ, ನಗಬೇಡ.) ಮಾರನೇ ದಿನ ಬಂದಳು. ಮೊದಲನೇ ಪುಟ ಓದಿ ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು. ಎರಡನೇ ಪುಟ ಓದಿ ಎದ್ದುಹೋಗಿ ಕುಕ್ಕರ್ ಇಟ್ಟಳು. ಅಕ್ಕಿ ಹಾಕದೆ ಬರೀ ನೀರಿಟ್ಟಿದ್ದಳು, ನಾನು ಆಮೇಲೆ ನೋಡಿದೆ. “ಇವಳಿಗೆ ಒಂದು ಸುಳ್ಳು ಹೇಳೋಕೂ ಬರಲ್ಲವಲ್ಲ ಅಕ್ಕ” ಅಂದಳು. ಬೈಗುಳ ಎಂದುಕೊಂಡೆ. ಬರುತ್ತಾಳೋ ಇಲ್ಲವೋ ಕೇಳಲಿಲ್ಲ.

ಮೊನ್ನೆ ಶನಿವಾರ ಮತ್ತೆ ಬಂದಿದ್ದಳು. ನಿನ್ನ ಹನ್ನೆರಡನೇ ತಾರೀಕಿನ ಕಾಗದ ಓದಿ ಹೇಳಿದೆ. ಬೀನ್ಸ್ ಹೆಚ್ಚುತ್ತಿದ್ದವಳು ಚಾಕು ಕೆಳಗಿಟ್ಟಳು.

“ಅದು ಇವಳ ತಪ್ಪಲ್ಲ. ಮುಂದೆ ನಿಂತಿದ್ದ ಆ ಉದ್ದ ಜಡೆಯವಳು ಪಕ್ಕಕ್ಕೆ ಸರಿದುಬಿಟ್ಟಳು. ದಾರಿ ಬಿಟ್ಟುಕೊಟ್ಟರೆ ಹಿಂದಿದ್ದವಳು ಏನ್ ಮಾಡ್ತಾಳೆ?”

“ಉದ್ದ ಜಡೆ ಅಂತ ನಿನಗೆ ಹೇಗೆ ಗೊತ್ತು?” ಅಂದೆ.

ಚಾಕು ಮತ್ತೆ ಕೈಗೆತ್ತಿಕೊಂಡಳು. “ನೋಡ್ದೆ” ಅಂದಳು.

ಬಂದಿದ್ದಳು ಕಣೇ. ಪಾರ್ಕಿಂಗ್‌ನಲ್ಲಿ, ಕಾರಿನ ಪಕ್ಕ, ಕೊಡೆ ಹಿಡಿದುಕೊಂಡು, ಮಾಸ್ಕ್ ಹಾಕಿಕೊಂಡು ಶುರುವಿನಿಂದ ಕೊನೆವರೆಗೂ ನಿಂತಿದ್ದಳು. ನಿಮ್ಮಪ್ಪ ರಾಜೀವನಿಗೆ ಆರ್ಟೀಷಿಯಾಗೆ ತರಕಾರಿಗೆ ಹೋಗುತ್ತೇನೆ ಎಂದು ಹೇಳಿ ಬಂದಿದ್ದಳಂತೆ. ಮಗಳಿಗೆ ಸುಳ್ಳು ಹೇಳಲು ಬರುವುದಿಲ್ಲ ಅನ್ನುವವಳು!

ಹೋಗಿ ಮಾತಾಡಿಸುವುದಕ್ಕೇನಾಗಿತ್ತು ಎಂದು ಕೇಳಿದೆ. ಅವಳು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ. “ಅವಳು ಅಳ್ಲಿಲ್ಲ ಅಕ್ಕ. ಗೋಲಾದ ಮೇಲೆ ತಾನೇ ಹೋಗಿ ಬಲೆಯಿಂದ ಚೆಂಡು ತೆಗೆದು ಮಧ್ಯಕ್ಕೆ ಎಸೆದು ಮತ್ತೆ ಅದೇ ಜಾಗದಲ್ಲಿ ನಿಂತ್ಕೊಂಡಳು. ಅತ್ತಿದ್ರೆ ಹೋಗ್ತಿದ್ದೆ. ಹಾಗೆ ನಿಂತವಳ ಹತ್ರ ಏನ್ ಹೇಳ್ಕೊಂಡು ಹೋಗ್ಲಿ?”

ಆಮೇಲೆ ಬೀನ್ಸು, ಕ್ಯಾರೆಟ್ಟು ಎಲ್ಲವನ್ನೂ ಹಲಗೆಯ ಮೇಲೆ ಜೋಡಿಸಿ, ಯಾರು ಎಲ್ಲಿದ್ದರು, ಜಡೆಯವಳು ಎಲ್ಲಿ ಸರಿದಳು ಎಂದು ತೋರಿಸಿದಳು. ಬಾರ್ಬೋಸಾನ ಮುಂದಿದ್ದ ಹತ್ತು ಜನ ಏನು ಮಾಡುತ್ತಿದ್ದರು ಎಂದು ನಾನು ಕೇಳಿದ್ದು ನೆನಪಾಯಿತು. ನಮ್ಮ ಕುಮುದಾಳನ್ನು ರೇಡಿಯೋ ಮುಂದೆ ಕೂರಿಸಿದ್ದರೆ ಹತ್ತೂ ಜನರ ಜಾತಕ ಬಿಡಿಸುತ್ತಿದ್ದಳು.

ಕೋಳಿ ತಿನ್ನುವ ವಿಷಯ ಎತ್ತಲಿಲ್ಲ. ಎತ್ತುತ್ತಾಳೆ, ಸುಮ್ಮನಿರುವವಳಲ್ಲ. ಸ್ಕೂಲಿನ ವಿಷಯವೂ ಮುಗಿದಿಲ್ಲ. ನಿನ್ನ ಹಾಗೆ ನಾನೂ ಇದ್ದದ್ದು ಇದ್ದ ಹಾಗೆ ಬರೆಯುತ್ತಿದ್ದೇನೆ.

ಅನಸೂಯ

——

ಕಲ್ವರ್ ಸಿಟಿ
೩೧ ಡಿಸೆಂಬರ್ ೨೦೨೨

ದೊಡ್ಡಮ್ಮ,

ಮೊನ್ನೆ ಪೆಲೆ ತೀರಿಕೊಂಡರು. ಇವಾನಿ ಅವರು ಅಂಗಡಿ ಮುಚ್ಚಲಿಲ್ಲ. ಬಂದವರಿಗೆಲ್ಲ ಕಾಫಿ ಕೊಟ್ಟರು. ೧೯೫೦ರಲ್ಲಿ ಸೋತ ದಿನ ಪೆಲೆ ಸಣ್ಣ ಹುಡುಗನಂತೆ, ಅವನ ಅಪ್ಪ ರೇಡಿಯೋ ಮುಂದೆ ಅಳುತ್ತಿದ್ದದ್ದನ್ನು ನೋಡಿ, ಅಳಬೇಡ, ನಾನು ವಿಶ್ವಕಪ್ ತಂದುಕೊಡುತ್ತೇನೆ ಅಂದಿದ್ದನಂತೆ. ತಂದೂ ಕೊಟ್ಟ. ಇದನ್ನು ಬಂದವರೆಲ್ಲ ಹೇಳಿದರು, ಎಲ್ಲರಿಗೂ ಗೊತ್ತಿದ್ದದ್ದನ್ನೇ. ಕೊನೆಗೆ ಇವಾನಿ ಅವರು “ನಮ್ಮಪ್ಪನಿಗೆ ನಾನು ಏನೂ ತಂದುಕೊಡಲಿಲ್ಲ. ಆದರೂ ನೋಡೋಕೆ ಬರ್ತಿದ್ದರು” ಅಂದರು.

ನಿಮ್ಮ ಕಾಗದವನ್ನು ಎಷ್ಟು ಸಲ ಓದಿದೆ ಎಂದು ಬರೆಯುವುದಿಲ್ಲ. ಅಮ್ಮನಿಗೆ ಒಂದು ವಿಷಯ ತಿಳಿಸಬೇಕು.

ಉದ್ದ ಜಡೆಯವಳ ಹೆಸರು ಜುಸಾರಾ. ಅವಳದು ತಪ್ಪಿಲ್ಲ. ಅವಳು ಸರಿದದ್ದು ನನ್ನ ಮಾತು ಕೇಳಿ. ಚೆಂಡು ಬರುವಾಗ ಗೋಲ್‌ಕೀಪರ್ “ನನ್ನದು” ಎಂದು ಕೂಗಬೇಕು, ಆಗ ಮಿಕ್ಕವರು ಬಿಟ್ಟುಕೊಡಬೇಕು. ನಾನು ಕೂಗಿದೆ. ಆ ಗಡಿಬಿಡಿಯಲ್ಲಿ ಕನ್ನಡದಲ್ಲೇ ಬಂತು, “ನಂದು!” ಅಂತ. ಜುಸಾರಾಳಿಗೆ ದನಿಯಿಂದಲೇ ಅರ್ಥವಾಯಿತು, ಸರಿದಳು, ನಾನು ಬಿಟ್ಟೆ. ಕೋಳಿ ನನ್ನದೇ.

ಗಂಟಲು ಹರಿಯುವ ಹಾಗೆ ಕೂಗಿದ್ದೆ. ಪಾರ್ಕಿಂಗ್‌ವರೆಗೂ ಕೇಳಿಸಿರಬೇಕು. ಆ ಜಾಗದಲ್ಲಿ ಕನ್ನಡ ಗೊತ್ತಿದ್ದವಳು ಅಮ್ಮ ಒಬ್ಬಳೇ. ಕೇಳಿಸಿಕೊಂಡೂ ಜುಸಾರಾಳನ್ನು ಬೈಯುತ್ತಿದ್ದಾಳೆ. ಅದು ಸರಿಯಲ್ಲ ಅಂತ ಹೇಳಿ. ನನಗೆ ಸಂತೋಷವಾಯಿತು ಅಂತಲೂ ಹೇಳಿ. ಎರಡೂ ನಿಜ.

ಜನವರಿ ಎಂಟಕ್ಕೆ ಮತ್ತೆ ಆಟ. ಪಾರ್ಕಿಂಗ್‌ನಿಂದ ನೋಡಿದರೆ ತಪ್ಪು ಯಾರದ್ದು ಎಂದು ಸರಿಯಾಗಿ ಕಾಣುವುದಿಲ್ಲ. ಗೋಲಿನ ಹಿಂದೆ ಕುರ್ಚಿ ಹಾಕಿರುತ್ತೇನೆ. ನಾನು ಅಳುವುದಿಲ್ಲ ಎಂದು ಮೊದಲೇ ತಿಳಿಸಿಬಿಡಿ. ಅಳದಿದ್ದರೂ ಹತ್ತಿರ ಬರಬಹುದು.

ಮೇದಿನಿ